ಕಾಕುವಿನ ಪರವಾಗಿ ಕಾಕಾ ಕೊಟ್ಟ ಉತ್ತರ

ಇನ್ನೈದು ನಿಮಿಷ ತಡವಾಗಿದ್ದರೆ ನಮ್ಮ ಕಾಕುವಿನ ಗತಿ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಜೀವ ಝಲ್ಲೆನ್ನುತ್ತದೆ.

ಕಾಕು ಎಂದರೆ ನನ್ನ ಚಿಕ್ಕಪ್ಪನ, ಅಂದರೆ ಕಾಕಾನ ಹೆಂಡತಿ, ಮಹಾರಾಷ್ಟ್ರದ ಗಡಿಯೂರು ಗುಂಜೋಟಿಯಲ್ಲಿರುತ್ತಾಳೆ. ಹೊಟ್ಟೆನೋವೆಂದು ಸೋನೋಗ್ರಫಿ ಮಾಡಿಸಿದರೆ ಲಿವರ್‌ನಲ್ಲಿ ಒಂದು ಕಲೆ ಕಂಡಿತು. ಕ್ಯಾನ್ಸರ್ ಇರಬಹುದೇ? ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಎಲ್ಲರ ತಲೆಯಲ್ಲೂ ಅದೇ. ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್ ಮಾಡಿಸಿ ಎಂದರು ಡಾಕ್ಟರು. ನರಕ್ಕೆ ಒಂದು ಔಷಧಿ ಬಿಟ್ಟು ಫೋಟೋ ತೆಗೆಯುತ್ತಾರೆ, ಒಳಗಿನದು ಎದ್ದು ಕಾಣುತ್ತದೆ.

ಸರಿ, ಉಮರ್ಗಾದ ಸ್ಕ್ಯಾನ್ ಸೆಂಟರಿಗೆ ಹೋದೆವು. ಅಲ್ಲಿನ ಡಾಕ್ಟರ್ ಮೇಡಂ ಒಂದೊಂದೇ ಕೇಳಿದರು. ಕಿಡ್ನಿ ತೊಂದರೆ? ಅಸ್ತಮಾ? ಹಿಂದೆ ಇಂಥ ಔಷಧಿ ಒಗ್ಗದೆ ಹೋದದ್ದು? ಎಲ್ಲಕ್ಕೂ ಕಾಕಾ ಮರಾಠಿಯಲ್ಲಿ ‘ಕಾಹೀ ನಾಹೀ’ ಎಂದರು. ಏನೂ ಇಲ್ಲವಂತೆ! (ಪೇಶಂಟ್ ಯಾರು ಎಂದು ನನಗೇ ಅನುಮಾನ ಬಂತು.) ಕಾಕು ನೆಲ ನೋಡುತ್ತ ಕುಳಿತಿದ್ದಳು.

ಬಳೆ, ಮಂಗಳಸೂತ್ರ ಬಿಚ್ಚಿಸಲು ನಾನು ಅವಳ ಜೊತೆ ಒಳಗೆ ಹೋದೆ. ಆಗ ಬಾಯಿಬಿಟ್ಟಳು ನೋಡಿ. ಮದುವೆಗೆ ಮುಂಚೆ, ಲೋಹಾರಾದ ತವರಿನಲ್ಲಿದ್ದಾಗ, ಕಿಡ್ನಿ ಸ್ಟೋನ್ ಎಂದು ಅವಳಣ್ಣ ಸೊಲ್ಲಾಪುರಕ್ಕೆ ಕರೆದೊಯ್ದಿದ್ದನಂತೆ. ಅಲ್ಲೂ ಹೀಗೇ ನರಕ್ಕೆ ಔಷಧಿ ಬಿಟ್ಟು ಎಕ್ಸರೇ ತೆಗೆದರಂತೆ. ಮೈತುಂಬ ದದ್ದು ಎದ್ದು ಉಸಿರೇ ಸಿಕ್ಕಿಕೊಂಡಿತ್ತಂತೆ.

ಇದನ್ನು ಹೊರಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಿಮ್ಮ ಕಾಕಾ ಏನೂ ಇಲ್ಲ ಅಂದಾರಲ್ಲ. ನಾಲ್ಕ ಮಂದಿ ಮುಂದ ಅವರ ಮಾತು ಹ್ಯಾಂಗ ತೆಗೆದ ಹಾಕಲಿ?”

ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಓಡಿಹೋಗಿ ಮೇಡಂಗೆ ಹೇಳಿದೆ, ಸ್ಕ್ಯಾನ್ ಅಲ್ಲಿಗೇ ನಿಂತಿತು.

ಹಾಗಾದರೆ ಆ ಔಷಧಿಯೇ ಬೇಡ, ನಡೀರಿ ಮನೆಗೆ ಎಂದರು ಕಾಕಾ. ಮೇಡಂ ತಾಳ್ಮೆಯಿಂದ ತಿಳಿಸಿದರು. ಹೆಚ್ಚಿನವರಿಗೆ ಮೈ ಬಿಸಿಯಾದಂತಾಗುತ್ತದೆ, ಅಷ್ಟೇ. ಕಾಕುವಿನಂಥವರಿಗೆ ಮಾತ್ರ ಅದು ಜೀವಕ್ಕೇ ಕುತ್ತು ತರಬಹುದು. ಹಾಗಂತ ಬಿಟ್ಟರೆ ಆ ಕಲೆ ಏನೆಂದು ತಿಳಿಯುವುದು ಹೇಗೆ?

ಕೊನೆಗೆ ಉದಗೀರಿನ ದೊಡ್ಡ ದವಾಖಾನೆಯಲ್ಲಿ, ಮೊದಲೇ ಅಲರ್ಜಿ ತಡೆಯುವ ಗುಳಿಗೆ ಕೊಟ್ಟು, ಬೇರೆ ಬಗೆಯ ಔಷಧಿ ಬಳಸಿ, ಪಕ್ಕದಲ್ಲೇ ಡಾಕ್ಟರು ನಿಂತು ಸ್ಕ್ಯಾನ್ ಮಾಡಿಸಿದರು. ಏನೂ ಆಗಲಿಲ್ಲ. ಕಲೆ ಎಂದದ್ದು ಬರೀ ರಕ್ತನಾಳಗಳ ಗೋಜಲಂತೆ, ಕೆಟ್ಟದ್ದಲ್ಲವಂತೆ. ಹೋದ ಜೀವ ಬಂದಂತಾಯಿತು.

ಈಗ ನೋವು ಹೇಗಿದೆ ಎಂದು ಡಾಕ್ಟರು ಕೇಳಿದರು. ಕಾಕಾ ಗಂಟಲು ಸರಿಮಾಡಿಕೊಂಡರು. ಕಾಕು ಅವರ ಮೊಳಕೈ ಮೇಲೆ ಕೈಯಿಟ್ಟಳು.

“ತಡೀರಿ, ನಾ ಹೇಳತೀನಿ. ಹೊಟ್ಟಿ ನಂದದ.”

ಡಾಕ್ಟರು ಹೆಂಗಸನ್ನು ಕೇಳಿದಾಗ ಒಂದು ಗಳಿಗೆ ಸುಮ್ಮನಿದ್ದರೆ ನಮ್ಮ ಗಂಡಸರ ಗಂಟೇನು ಹೋಗುತ್ತದೆ?