ಎಲೆ ಬದಲಿಸಿದ ಗಿಡ

ನಾನು ಲಿಫ್ಟ್ ಆಪರೇಟರ್ ಆಗಿದ್ದವನು. ದೊಡ್ಡ ಆಫೀಸೊಂದರ ಲಿಫ್ಟಿನಲ್ಲಿ ಸ್ಟೂಲ್ ಹಾಕಿಕೊಂಡು, ಗುಂಡಿ ಒತ್ತುತ್ತಾ ಆಯಸ್ಸು ಸವೆಸಿದೆ. ಆ ಆಫೀಸಿನಲ್ಲಿ ನನ್ನಷ್ಟು ಸಲ ಮೇಲೇರಿದವರು ಯಾರೂ ಇಲ್ಲ. ಏನು ಮಾಡೋಣ, ಅಷ್ಟೇ ಸಲ ಇಳಿದೂಬಿಟ್ಟೆ. ನಿವೃತ್ತಿಯಾದ ಮೇಲೆ ಮನೆಯಲ್ಲೂ ಗೋಡೆಗೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕೂತೆ. ಊಟಕ್ಕೆ ಕರೆದರೆ ಎದ್ದೆ, ಉಂಡು ಮತ್ತೆ ಕೂತೆ. ಮಾತೆಂದರೆ ಹೂಂ, ಊಹೂಂ, ಅಷ್ಟೇ. ನನ್ನ ಹೆಂಡತಿಗೆ ದಿಗಿಲಾಯಿತು. ಆಗಾಗ ಬಾಗಿಲ ಸಂದಿಯಿಂದ ಇಣುಕಿ, ಉಸಿರಾಡುತ್ತಿದ್ದೇನೋ ಇಲ್ಲವೋ ನೋಡಿ ಹೋಗುತ್ತಿದ್ದಳು.

ಒಂದು ದಿನ ಎಲ್ಲಿಂದಲೋ ಸಸಿಯೊಂದನ್ನು ತಂದು ಕೈಗಿಟ್ಟಳು. ಬೀದಿ ತಿರುವಿನಲ್ಲಿ ಎಲ್ಲರೂ ಕಸ ಸುರಿಯುವ ಮೂಲೆಯಿದೆಯಲ್ಲ, ಅಲ್ಲಿ ನೆಟ್ಟು ಬನ್ನಿ ಅಂದಳು. ಪೀಡೆ ತೊಲಗಲಿ ಅಂತ ಹೋಗಿ ನೆಟ್ಟೆ. ನೆಟ್ಟಿದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಬೆಳಿಗ್ಗೆ ಒಂದು ಬಕೆಟ್ ನೀರು, ಮಧ್ಯಾಹ್ನ ಒಂದು, ಸಂಜೆ ಒಂದು. ಕಸದ ಚೀಲ ಹಿಡಿದು ಬಂದವರನ್ನು ಗದರಿಸಿ ಓಡಿಸಿದೆ. ಎದುರಂಗಡಿಯ ಟೈಲರ್ ಹಳೇ ಬೆಂಚೊಂದನ್ನು ತಂದು ಹಾಕಿದ. ನಿವೃತ್ತ ಹೆಡ್‌ಮಿಸ್ಟ್ರೆಸ್ ಬಂದು ಕೂತರು. ಮಹಡಿ ಮನೆಯ ಹುಡುಗಿ ಕೂಸನ್ನೆತ್ತಿಕೊಂಡು ಬಂದಳು. ಒಂದೇ ಬೀದಿಯಲ್ಲಿದ್ದೂ ಮುಖ ತಿರುಗಿಸಿ ಓಡಾಡುತ್ತಿದ್ದವರು ಮೊಣಕಾಲುದ್ದದ ಗಿಡದ ಸುತ್ತ ಹರಟೆಗೆ ಕೂತರು. ನೆರಳಿಗಂತೂ ಬಂದವರಲ್ಲ, ಅದರ ನೆರಳು ಒಂದು ಜೊತೆ ಚಪ್ಪಲಿಗೂ ಸಾಲುತ್ತಿರಲಿಲ್ಲ.

ನಾನೋ, ಗಿಡಮರಗಳ ಮಹಾಪಂಡಿತ. ಮೊದಲು ಉದ್ದವಿದ್ದ ಎಲೆ ಆಮೇಲೆ ದುಂಡಗಾಯಿತು. ಇದ್ಯಾಕೆ ಹೀಗೆ ಅಂತ ಟೈಲರ್ ಕೇಳಿದ. ಮಕ್ಕಳಿಗೆ ಹಾಲುಹಲ್ಲು ಬಿದ್ದು ಬೇರೆ ಹಲ್ಲು ಬರಲ್ವೇನಯ್ಯಾ, ಹಾಗೇ ಇದು ಅಂತ ವಿವರಿಸಿದೆ. ಇನ್ನಷ್ಟು ದಿನಕ್ಕೆ ಎಲೆಯಂಚು ಗರಗಸದಂತಾಯಿತು. ಪ್ರಾಯಕ್ಕೆ ಬಂತು ಅಂದೆ. ಹೆಡ್‌ಮಿಸ್ಟ್ರೆಸ್ ಕೆಮ್ಮಿ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಪಾಪ, ಧೂಳು ಅಂದುಕೊಂಡೆ.

ಒಂದು ಬೆಳಿಗ್ಗೆ ನರ್ಸರಿಯವನು ಗಾಡಿ ತಳ್ಳಿಕೊಂಡು ನಮ್ಮ ಬಾಗಿಲಿಗೆ ಬಂದ.

"ಅಮ್ಮ ಇಲ್ವಾ ಸಾರ್? ಈ ಮೂರನೇ ಗಿಡವಾದ್ರೂ ಉಳೀತಾ? ಅಷ್ಟೊಂದು ನೀರು ಹಾಕಿದ್ರೆ ಬೇರು ಕೊಳೆಯುತ್ತೆ ಅಂತ ಹೇಳಿದ್ದೆ."

ನಿಂತಲ್ಲೇ ಎಲ್ಲ ಅರ್ಥವಾಯಿತು. ಮುದ್ದು ಮಾಡಿ ಮಾಡಿ ನಾನು ಎರಡು ಗಿಡ ಕೊಂದಿದ್ದೆ. ಮಧ್ಯಾಹ್ನ ನಾನು ಗೊರಕೆ ಹೊಡೆಯುವಾಗ ಇವಳು ಹೋಗಿ, ಬಾಡಿದ್ದನ್ನು ಕಿತ್ತು ಬೇರೆ ನೆಟ್ಟು ಬರುತ್ತಿದ್ದಳು. ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಲುಹಲ್ಲಿನ ಭಾಷಣಕ್ಕೆ ತಲೆಯಾಡಿಸಿದ್ದರು.

ಒಳಗೆ ಹೋಗಿ ರೇಗಿದೆ. ಬೀದಿಯೆದುರು ನನ್ನನ್ನು ಕೋಡಂಗಿ ಮಾಡಿದೆಯಲ್ಲೇ, ಸತ್ತದ್ದು ಸತ್ತಿತು ಅಂತ ಹೇಳಬಾರದಿತ್ತಾ ಅಂದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ಹೇಳಿದ್ರೆ ನೀವು ಮತ್ತೆ ಆ ಕುರ್ಚಿಗೇ ಹೋಗಿ ಕೂರ್ತಿದ್ರಿ ಕಣ್ರೀ. ಗಿಡ ಸತ್ರೆ ಇನ್ನೊಂದು ತರಬಹುದು. ನಿಮ್ಮನ್ನ ಎಲ್ಲಿಂದ ತರ್ಲಿ?"

ನನಗೆ ಅಳು ಬಂತು. ಇಷ್ಟೆಲ್ಲ ಮಾನ ಹೋದ ಮೇಲೆ ಅದನ್ನು ಮುಚ್ಚಿಟ್ಟು ಏನಾಗಬೇಕು?

ಸಂಜೆ ಬಕೆಟ್ ಎತ್ತಿಕೊಂಡವನು ಬಾಗಿಲಲ್ಲಿ ನಿಂತು, ನೀನೂ ಬಾ ಅಂದೆ. ಬಂದವಳು ಬಕೆಟ್ ಕಸಿದುಕೊಂಡು ಗಿಡಕ್ಕೆ ಅರ್ಧ ಚೊಂಬು ಹಾಕಿದಳು, ಸಾಕು ಅಂದಳು. ಬೆಂಚಿನಲ್ಲಿದ್ದವರು ಜರುಗಿ ಅವಳಿಗೆ ಜಾಗ ಮಾಡಿಕೊಟ್ಟರು. ನನಗೆ ಉಳಿಯಲಿಲ್ಲ. ಮನೆಗೆ ಹೋಗಿ, ಗೋಡೆಯೆದುರಿದ್ದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದು, ಬೀದಿಗೆ ಮುಖ ಮಾಡಿ ಹಾಕಿಕೊಂಡು ಕೂತೆ.