ರಾಜಕುಮಾರಿಯ ಚಿಕ್ಕಮ್ಮ

ಕ್ಲಾವ್ದಿಯಾ ಹೆತ್ತ ಮಗಳಿಗೇ ಚಿಕ್ಕಮ್ಮನಾಗಿ ಬಾಳಿದವಳು. ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದುತ್ತಿದ್ದಳು. ನನ್ನ ಪಕ್ಕದ ಕೋಣೆಯವಳು; ಒಂದೇ ಅಡುಗೆಮನೆಯಲ್ಲಿ ಸೂಪು ಕಾಯಿಸಿಕೊಂಡು, ಜಗಳವಾಡಿಕೊಂಡು ಇಬ್ಬರೂ ಮುದುಕಿಯರಾದೆವು. ಅವಳ ವಿಷಯ ಎತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ವೋಲ್ಗಾ ದಂಡೆಯ ನಮ್ಮ ಊರಿನ ಬ್ಯಾಲೆ ಶಾಲೆಯವರು ಹುಡುಗಿಯರನ್ನು ಸೇರಿಸಿಕೊಳ್ಳುವ ಮೊದಲು ತಾಯಂದಿರನ್ನೂ ಕರೆಸಿ ನೋಡುತ್ತಿದ್ದರು. ಇವತ್ತು ಕಡ್ಡಿಯಂತಿರುವ ಹುಡುಗಿ ನಾಳೆ ಎಷ್ಟು ಊದಿಕೊಂಡಾಳು ಎಂಬುದು ತಾಯಿಯ ಸೊಂಟ ನೋಡಿದರೆ ತಿಳಿಯುತ್ತದಂತೆ. ಕುದುರೆ ಕೊಳ್ಳುವವರೂ ಹೀಗೇ ನೋಡುವುದು. ಕ್ಲಾವ್ದಿಯಾ ಟ್ರಾಮಿನ ಬಾಗಿಲಲ್ಲಿ ಅಡ್ಡ ತಿರುಗಿ ಇಳಿಯುವಷ್ಟು ದಪ್ಪ. ಮಗಳು ಲೀದಾ ಮಾತ್ರ ಹಕ್ಕಿಮರಿ. ನೂರು ವರ್ಷ ಮಲಗಿ ಏಳುವ ರಾಜಕುಮಾರಿಯ ಬ್ಯಾಲೆಯನ್ನು ತಾಯಿ ಮಗಳು ಮೇಲಿನ ಅಗ್ಗದ ಸೀಟಿನಲ್ಲಿ ಕೂತು ನೋಡಿ ಬಂದ ಮೇಲೆ ಇಬ್ಬರಿಗೂ ಒಂದೇ ಹುಚ್ಚು: ಲೀದಾ ಆ ರಾಜಕುಮಾರಿಯಾಗಬೇಕು.

"ನನ್ನ ನೋಡಿದ್ರೆ ಬಾಗಿಲಿಂದಲೇ ಕಳಿಸ್ತಾರೆ ಕಣೇ," ಎಂದಳು ಕ್ಲಾವ್ದಿಯಾ, ಒಲೆಯ ಮುಂದೆ ನಿಂತು. "ನಮ್ಮಕ್ಕ ರಿಮ್ಮಾ ಹೋಗ್ಲಿ, ತಾಯಿ ಅಂತ. ಸಿಗರೇಟು ಸೇದಿ ಸೇದಿ ಒಣಗಿದಾಳೆ."

"ತಲೆ ಕೆಟ್ಟಿದ್ಯಾ ನಿಂಗೆ? ಆಮೇಲೆ?"

"ಆಮೇಲೇನು, ಒಂದು ದಿನದ ನಾಟಕ."

ರಿಮ್ಮಾ ಹೋದಳು. ಲೀದಾ ಅವಳ ಕೈ ಹಿಡಿದು ಎಲ್ಲರೆದುರು "ಅಮ್ಮ" ಎಂದಳು, ಸೀಟು ಸಿಕ್ಕಿತು. ನಾಟಕ ಮಾತ್ರ ಮುಗಿಯಲಿಲ್ಲ. ಪೋಷಕರ ಸಭೆಗೆ ರಿಮ್ಮಾ, ಹೊಸ ವರ್ಷದ ಕಾರ್ಯಕ್ರಮದಲ್ಲಿ ಮುಂದಿನ ಸಾಲಿಗೆ ರಿಮ್ಮಾ. ಎಲೆಕೋಸಿನ ಕಡುಬು ಕಟ್ಟಿಕೊಂಡು ಗೇಟಿನಲ್ಲಿ ಕಾಯುವುದು ಕ್ಲಾವ್ದಿಯಾ. "ಲೀದಾ, ನಿನ್ನ ಚಿಕ್ಕಮ್ಮ ಬಂದಿದಾರೆ," ಎಂದು ಕಾವಲಿನ ಮುದುಕಿ ಕೂಗುತ್ತಿದ್ದಳು. ಕಡುಬನ್ನು ಲೀದಾ ಗೆಳತಿಯರಿಗೆ ಕೊಟ್ಟುಬಿಡುತ್ತಿದ್ದಳು.

ಬರಬರುತ್ತಾ ಮನೆಯಲ್ಲೂ ಚಿಕ್ಕಮ್ಮ ಎನ್ನತೊಡಗಿದಳು. ನಾನು ಸುಮ್ಮನಿರುವವಳಲ್ಲ.

"ಮನೇಲಾದ್ರೂ ಅಮ್ಮ ಅನ್ನೇ. ನಾಲಿಗೆ ಸವೆದುಹೋಗತ್ತಾ?"

"ನೀನು ಸುಮ್ನಿರು," ಎಂದು ಕ್ಲಾವ್ದಿಯಾ ನನ್ನನ್ನೇ ಗದರಿದಳು. "ಅಲ್ಲಿ ಬಾಯಿತಪ್ಪಿ ಬಂದ್ರೆ ಕಷ್ಟ. ಶಾಲೆ ಮುಗಿದ ದಿನ ಎಲ್ಲರೆದುರು ಅಮ್ಮ ಅಂತೀನಿ ಅಂದಿದಾಳೆ. ಮಾತು ಕೊಟ್ಟಿದಾಳೆ."

ಆ ಮಾತಿನ ಮೇಲೆ ಅವಳು ವರ್ಷಗಟ್ಟಲೆ ಬದುಕಿದಳು. ಕೊನೆಯ ವರ್ಷ, ಶಾಲೆ ಮುಗಿಯುವ ದಿನಕ್ಕೆ, ಅದೇ ಬ್ಯಾಲೆ ಇಟ್ಟರು, ರಾಜಕುಮಾರಿಯ ಪಾತ್ರ ಲೀದಾಗೇ ಸಿಕ್ಕಿತು. ಕ್ಲಾವ್ದಿಯಾ ನೀಲಿ ಉಡುಪು ಹೊಲಿಸಿಕೊಂಡಳು. ರಿಮ್ಮಾಗೆ "ನೀನಿವತ್ತು ಬರಬೇಡ," ಎಂದಳು. ನಾನು ಜೊತೆಗೆ ಹೋದೆ.

ಹುಡುಗಿ ಚೆನ್ನಾಗಿ ಕುಣಿದಳು, ಸುಳ್ಳು ಹೇಳಲಾರೆ. ರಾಜಕುಮಾರಿ ಕುಸಿದು ಬಿದ್ದಾಗ ಅವಳ ತಾಯಿ ರಾಣಿ ಓಡಿ ಬಂದು ತಬ್ಬಿಕೊಂಡು ಅಳುತ್ತಾಳೆ. ರಾಣಿಗೆ ಕುಣಿತವೇ ಇಲ್ಲ. "ಅಷ್ಟೇ ಕೆಲಸ," ಎಂದು ಕ್ಲಾವ್ದಿಯಾ ಪಿಸುಗುಟ್ಟಿದಳು. "ಆದ್ರೂ ನೋಡು, ತಾಯಿ ಅಂತ ಎಲ್ಲರಿಗೂ ಗೊತ್ತು."

ಆಟ ಮುಗಿದ ಮೇಲೆ ರಂಗದ ಹಿಂದೆ ಹೋದೆವು. ಲೀದಾಳ ಪಕ್ಕದಲ್ಲಿ ಅವಳ ಶಿಕ್ಷಕಿ, ಜೊತೆಗೆ ಮಾಸ್ಕೋದಿಂದ ತನ್ನ ತಂಡಕ್ಕೆ ಹುಡುಗಿಯರನ್ನು ಆರಿಸಲು ಬಂದಿದ್ದ ದೊಡ್ಡ ಮನುಷ್ಯ. ಅವನೂ ಶಾಲೆಯವರ ಹಾಗೆ ತಾಯಿಯನ್ನೇ ಕೇಳಿದ:

"ನಿನ್ನ ತಾಯಿ ಎಲ್ಲಿ? ನೋಡ್ಬೇಕಲ್ಲ."

ಕ್ಲಾವ್ದಿಯಾ ಹೂಗುಚ್ಛ ಹಿಡಿದು ಒಂದು ಹೆಜ್ಜೆ ಮುಂದೆ ಬಂದಳು. ಲೀದಾ ಅವಳನ್ನು ನೋಡಿದಳು. ಅವನನ್ನು ನೋಡಿದಳು.

"ಅಮ್ಮ ಬಂದಿಲ್ಲ," ಎಂದಳು. "ಇವರು ಚಿಕ್ಕಮ್ಮ."

ಅವನು ಕ್ಲಾವ್ದಿಯಾಳನ್ನು ಮೇಲಿಂದ ಕೆಳಗೆ ಅಳೆದು ನಕ್ಕ. "ಸದ್ಯ, ನಿಮ್ಮ ಹಾಗಾಗ್ಲಿಲ್ಲ."

ಶಿಕ್ಷಕಿಯೂ ನಕ್ಕಳು.

"ಇಲ್ಲ," ಎಂದಳು ಕ್ಲಾವ್ದಿಯಾ. "ಅವಳದ್ದು ಅವಳಮ್ಮನ ಮೈಕಟ್ಟು."

ನನ್ನ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು. ಅವಳು ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಬೀದಿಯಲ್ಲೂ ಬಿಡಲಿಲ್ಲ.

"ಒಂದು ಮಾತು ಆಡಬೇಡ," ಎಂದಳು. "ಆ ಮನುಷ್ಯ ಇನ್ನೂ ಹೂಂ ಅಂದಿಲ್ಲ."