ಕುರ್ಚಿಗೆ ಅಡ್ಡ ಇಟ್ಟ ಹಲಗೆ

ಊರಿನವರೆಲ್ಲ ಅವನನ್ನು ಕತ್ತರಿಯಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಬಿಟ್ಟುಹೋದ ಕ್ಷೌರದಂಗಡಿಯಲ್ಲಿ ಇದ್ದದ್ದು ಒಂದು ಕನ್ನಡಿ, ಒಂದು ಕಬ್ಬಿಣದ ಕುರ್ಚಿ, ಒಂದು ಹಲಗೆ. ಮಕ್ಕಳು ಬಂದಾಗ ಹಲಗೆಯನ್ನು ಕುರ್ಚಿಯ ಕೈಗಳ ಮೇಲೆ ಅಡ್ಡ ಇಟ್ಟು ಕೂರಿಸಿದರೆ ತಲೆ ಕೈಗೆ ಸರಿಯಾಗಿ ಸಿಗುತ್ತಿತ್ತು. ಒಂದು ಕಾಲದಲ್ಲಿ ಆ ಹಲಗೆಗೆ ಬಿಡುವೇ ಇರಲಿಲ್ಲ. ರಜೆ ಬಂತೆಂದರೆ ಮಕ್ಕಳ ಸಾಲು ಬಾಗಿಲು ದಾಟುತ್ತಿತ್ತು. ಅರ್ಧ ಮಕ್ಕಳು ಅಳುತ್ತ, ಉಳಿದರ್ಧ ಅಳುವವರನ್ನು ಆಡಿಕೊಂಡು ನಗುತ್ತ.

ಹೆಂಡತಿ ಗಡಿಯಾಚೆಯ ದೇಶದವಳು. ಮದುವೆಯಾದ ಹೊಸತರಲ್ಲಿ ಅವಳ ತವರೂರು ಬಿಕೋ ಎನ್ನುತ್ತಿತ್ತು. ಕತ್ತರಿ ಆಡಿಸಲು ಅಲ್ಲಿ ತಲೆಗಳೇ ಇಲ್ಲವೆಂದು ಭಾವಮೈದ ಇಲ್ಲಿಗೆ ಬಂದು, ಇದೇ ಅಂಗಡಿಯಲ್ಲಿ ಕೈ ಪಳಗಿಸಿಕೊಂಡು ಹೋಗಿದ್ದ. ಈಗ ಎಲ್ಲ ತಲೆಕೆಳಗು. ಆ ಕಡೆ ಊರಿನ ಪಕ್ಕದಲ್ಲೇ ಕಾರ್ಖಾನೆಗಳೆದ್ದು, ಊರು ಬಿಟ್ಟವರೂ ಮರಳಿ ಬಂದು ಮನೆ ಕಟ್ಟಿದ್ದರು. ಈ ಕಡೆ ಹರೆಯದವರೆಲ್ಲ ಪಟ್ಟಣ ಸೇರಿ, ಶಾಲೆಗೆ ಬೀಗ ಬಿದ್ದಿತ್ತು. ಉಳಿದವು ನರೆತ ತಲೆಗಳು, ಅದಕ್ಕಿಂತ ಹೆಚ್ಚಾಗಿ ಬೋಳು ತಲೆಗಳು. ಹಲಗೆ ಗೋಡೆಗೊರಗಿ ಧೂಳು ಹಿಡಿದಿತ್ತು.

ಭಾವಮೈದ ಫೋನಿನಲ್ಲಿ ಹೇಳುತ್ತಲೇ ಇದ್ದ. "ಭಾವ, ಇಲ್ಲಿ ನಂಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ. ನೀವಲ್ಲಿ ನೊಣ ಹೊಡ್ಕೊಂಡು ಯಾಕೆ ಕೂತಿದ್ದೀರಿ? ನೀವು ಕಲಿಸಿದ ಕೆಲಸದಿಂದಾನೇ ನನ್ನ ಮನೆ ನಡೀತಿರೋದು. ಅಕ್ಕನ್ನ ಕರ್ಕೊಂಡು ಬಂದ್ಬಿಡಿ. ಹಲಗೆ ಮರೀಬೇಡಿ, ಇಲ್ಲಿ ಮಕ್ಕಳು ತುಂಬ."

ಕೊನೆಗೆ ಕತ್ತರಿಯಣ್ಣ ಮನಸ್ಸು ಗಟ್ಟಿಮಾಡಿದ. ಮರುದಿನದ ಬಸ್ಸಿಗೆ ಹೊರಡುವುದೆಂದಾಯಿತು. ಹೆಂಡತಿ ಅಂಗಡಿಯಲ್ಲೇ ಕೂತು ಗಂಟು ಕಟ್ಟುತ್ತಿದ್ದಳು. ಹಲಗೆಯನ್ನೂ ಹಳೆಯ ಹೊದಿಕೆಯಲ್ಲಿ ಸುತ್ತಿ ಹಗ್ಗ ಬಿಗಿದಿದ್ದಳು.

ಆಗ ಬಡಗಿ ತಾತ ಬಂದ. ಕಿವಿಯ ಹಿಂದೆ ನಾಲ್ಕು ಕೂದಲು ಬಿಟ್ಟರೆ ತಲೆಯಲ್ಲಿ ಏನೂ ಇಲ್ಲ, ಆದರೂ ವಾರ ತಪ್ಪದೆ ಬರುವ ಗಿರಾಕಿ. ಹಿಂದೆ ಬಾಗಿಲಿಗೆ ಹಣೆ ತಗುಲುತ್ತಿದ್ದ ಆಳು ಈಗ ಕುಗ್ಗಿ, ಕುರ್ಚಿಯಲ್ಲಿ ಕೂತರೆ ಕನ್ನಡಿಯಲ್ಲಿ ನೆತ್ತಿ ಮಾತ್ರ ಕಾಣುತ್ತಿತ್ತು. ಗಡ್ಡ ಹೆರೆಯಲು ಕತ್ತರಿಯಣ್ಣ ನಡು ಬಗ್ಗಿಸಬೇಕು. ಅವನ ನಡುವೋ, ಬಗ್ಗಿದರೆ ಏಳಲು ಒಪ್ಪುತ್ತಿರಲಿಲ್ಲ.

"ತಾತ, ಸ್ವಲ್ಪ ಮೇಲಕ್ಕೆ ಬನ್ನಿ."

"ಇನ್ನೆಲ್ಲಿಗಪ್ಪ ಮೇಲಕ್ಕೆ? ಅದೊಂದೇ ಬಾಕಿ ಇರೋದು."

ಕತ್ತರಿಯಣ್ಣ ನಗುತ್ತಲೇ ಗಂಟುಗಳತ್ತ ನೋಡಿದ. ಆಮೇಲೆ ಹಗ್ಗ ಬಿಚ್ಚಿ, ಹಲಗೆ ಒರೆಸಿ, ಕುರ್ಚಿಗೆ ಅಡ್ಡ ಇಟ್ಟು, ತಾತನನ್ನು ಕಂಕುಳಲ್ಲಿ ಹಿಡಿದೆತ್ತಿ ಕೂರಿಸಿದ.

ತಾತ ಹಲಗೆಯ ಅಂಚು ಸವರಿದ. "ನನ್ನ ಮಗನಿಗೆ ಅಂತ ನಾನೇ ಮಾಡಿ ನಿಮ್ಮಪ್ಪನ ಕೈಗೆ ಕೊಟ್ಟಿದ್ದು. ಇನ್ನೂ ಗಟ್ಟಿಯಾಗಿದೆ, ನೋಡು." ಕನ್ನಡಿಯಲ್ಲಿ ತನ್ನ ಮುಖ ಪೂರ್ತಿ ಕಂಡಾಗ ಮೆಲ್ಲಗೆ ಕೇಳಿದ, "ನೀನು ಹೋದ್ಮೇಲೆ ಈ ಮುಖ ಮುಟ್ಟೋರು ಯಾರಪ್ಪ?"

ಕತ್ತರಿಯಣ್ಣನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ತನ್ನ ಮನೆಯ ಒಲೆ ಉರಿದದ್ದು ಇಂಥವರಿಂದ, ಕೂದಲು ಇಲ್ಲದಿದ್ದರೂ ತಪ್ಪದೆ ಬಂದು ಕೂತವರಿಂದ. ಅವರ ಋಣ ದೊಡ್ಡದೆನಿಸಿತು. ಕಲಿತದ್ದನ್ನು ಮರೆಯದೆ ಕರೆದ ಭಾವಮೈದನ ಮೇಲೂ ಪ್ರೀತಿ ಉಕ್ಕಿತು. ತಾತನ ಗಲ್ಲಕ್ಕೆ ನೊರೆ ಹಚ್ಚತೊಡಗಿದ.

ನಡು ಈ ಸಲ ನೋಯಲಿಲ್ಲ. ಕೆಲಸ ಮುಗಿಯುವಷ್ಟರಲ್ಲಿ ಇನ್ನೊಬ್ಬ ಮುದುಕ ಕೋಲೂರಿಕೊಂಡು ಬಾಗಿಲಲ್ಲಿ ನಿಂತು, ಹಲಗೆಯನ್ನೇ ನೋಡುತ್ತಿದ್ದ.

"ಆಮೇಲೆ ನಂದು," ಎಂದ.

ಹೆಂಡತಿ ಗಂಡನ ಮುಖ ನೋಡಿದಳು. "ಅಲ್ಲೇ ಒಂದು ಹಲಗೆ ಮಾಡಿಸ್ಕೋ ಅಂತ ತಮ್ಮಂಗೆ ಹೇಳ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಉಳಿದ ಗಂಟುಗಳನ್ನು ಬಿಚ್ಚತೊಡಗಿದಳು.